ಪದಚರ್ಚೆ: ಪರರ ಕಥಾಲೋಕದಲ್ಲಿ ಬರೆದ ಕಾದಂಬರಿಗೆ ಏನೆನ್ನೋಣ?

ಮಾನ್ಯರೇ,

ಅಮೆರಿಕದ ವಿಜ್ಞಾನ ಕಾದಂಬರಿಕಾರ ಅಲನ್ ಡೀನ್ ಫಾಸ್ಟರ್ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಸಿನಿಮಾ ಅಥವಾ ಟಿ.ವಿ. ಸರಣಿಯ ಒಡೆಯರ ಅನುಮತಿಯೊಂದಿಗೆ, ಅವರ ಪಾತ್ರಗಳನ್ನೇ ಬಳಸಿ ಬರೆಯುವ ‘ಟೈ-ಇನ್’ ಕಾದಂಬರಿಗೆ ಕನ್ನಡದಲ್ಲಿ ಯಾವ ಪದ ಒಪ್ಪುತ್ತದೆ ಎಂಬುದು ತಿಳಿಯದೆ ಬರಹ ನಿಂತುಹೋಗಿದೆ.

ಮೊದಲು ಹೊಳೆದದ್ದು ‘ಕಾದಂಬರೀಕರಣ’. ‘ಸ್ಟಾರ್ ಟ್ರೆಕ್’ ಅನಿಮೇಷನ್ ಸರಣಿಯ 22 ಕಂತುಗಳನ್ನು ಫಾಸ್ಟರ್ 1974ರಿಂದ 1978ರ ನಡುವೆ ಹತ್ತು ಪುಸ್ತಕಗಳಲ್ಲಿ ಬರೆದರು. ಮೊದಲ ಆರರಲ್ಲಿ ತಲಾ ಮೂರು ಕಂತುಗಳಿವೆ. ಅಷ್ಟರಮಟ್ಟಿಗೆ ಈ ಪದ ಸರಿ. ಏಳನೆಯದರಿಂದ ಮಾತ್ರ ಪುಸ್ತಕಕ್ಕೆ ಒಂದೇ ಕಂತು. ಅರ್ಧ ಗಂಟೆಯ ಕಂತು ಇಡೀ ಕಾದಂಬರಿಯಾಗಿ ನಿಲ್ಲಬೇಕಾದರೆ ಉಳಿದ ಕಥೆಯನ್ನು ಲೇಖಕರೇ ಕಟ್ಟಬೇಕಾಯಿತು. ಇನ್ನು, ‘ಸ್ಟಾರ್ ವಾರ್ಸ್’ ಸಿನಿಮಾದ ಲೋಕದಲ್ಲಿ ಅವರು 1978ರಲ್ಲಿ ಪ್ರಕಟಿಸಿದ ಕಾದಂಬರಿಗೆ ಆಧಾರವಾದ ಚಿತ್ರವೇ ಇರಲಿಲ್ಲ. ಅದನ್ನು ಯಾವುದರ ‘ಕರಣ’ ಎನ್ನುವುದು?

‘ಕಾದಂಬರಿ’ ಎಂಬ ಪದವೇ ಬಾಣನ ನಾಯಕಿಯ ಹೆಸರು. ಅವನು ಅರ್ಧಕ್ಕೆ ಬಿಟ್ಟ ಆ ಕಥೆಯನ್ನು ಮಗ ಮುಗಿಸಿದ, ನಾಗವರ್ಮ ಕನ್ನಡಕ್ಕೆ ತಂದ. ಆದರೆ ಅಪ್ಪನ ಆಸ್ತಿಗೆ ಮಗ ಪರವಾನಗಿ ಪಡೆಯಬೇಕಿರಲಿಲ್ಲ!

ಗೆಳೆಯರೊಬ್ಬರು ‘ಗುತ್ತಿಗೆ ಕಾದಂಬರಿ’ ಎಂದರು. ಅದರಲ್ಲಿ ತಾತ್ಸಾರದ ವಾಸನೆಯಿದೆ; 1972ರಲ್ಲೇ ಸ್ವಂತ ಲೋಕವೊಂದನ್ನು ಕಟ್ಟಿ ಕಾದಂಬರಿ ಪ್ರಕಟಿಸಿದ್ದವರಿಗೆ ಅದು ಸಲ್ಲದು. 1976ರ ಕೊನೆಯಲ್ಲಿ, ಚಿತ್ರಕ್ಕೂ ಮೊದಲೇ, ಅದರ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರಿನಲ್ಲಿ ಬಂದ ‘ಸ್ಟಾರ್ ವಾರ್ಸ್’ ಕಾದಂಬರಿಯೂ ಫಾಸ್ಟರ್ ಅವರದೇ, ಆದರೆ ಅದನ್ನು ‘ನೆರಳು ಬರಹ’ ಎಂದು ಬೇರೆಯಾಗಿಯೇ ಗುರುತಿಸಬೇಕು. ನೆಲ ಒಡೆಯನದು, ಬೆವರು ಇನ್ನೊಬ್ಬರದು ಎಂಬ ಕಾರಣಕ್ಕೆ ‘ಗೇಣಿ’ಯನ್ನೂ ಯೋಚಿಸಿದೆ, ಆದರೆ ಗೇಣಿದಾರ ಒಡೆಯನಿಗೆ ಅಳೆದುಕೊಟ್ಟು ಮಿಕ್ಕ ಬೆಳೆಯನ್ನು ತಾನು ಇಟ್ಟುಕೊಳ್ಳುತ್ತಾನೆ, ಇಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಒಡೆಯನಿಗೇ ಸೇರುತ್ತದೆ, ಲೇಖಕನಿಗೆ ಮುಂಗಡ, ಕೆಲವೊಮ್ಮೆ ಮಾರಾಟದಲ್ಲಿ ಪಾಲು (ರಾಯಲ್ಟಿ). ಪಾಲಿನ ಬೇಸಾಯವನ್ನು ಹೇಳುವ ‘ಕೋರು’ ಇದಕ್ಕೆ ಹತ್ತಿರ, ಆದರೆ ಪೇಟೆಯ ಓದುಗರಿಗೆ ಆ ಪದವನ್ನೇ ವಿವರಿಸಬೇಕಾಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ಎರವಲು ಕಾದಂಬರಿ’ಯ ಕಡೆಗಿದೆ. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ನೆಗ್ಗಿಸದೆ ಹಿಂದಿರುಗಿಸುವ ಹಾಗೆ, ಈ ಲೇಖಕರು ಪಾತ್ರಗಳನ್ನೂ ಹಿಂದಿರುಗಿಸಬೇಕು: ನಡುವೆ ಏನೇ ಆಗಲಿ, ಕೊನೆಯ ಪುಟದ ಹೊತ್ತಿಗೆ ‘ಸ್ಟಾರ್ ಟ್ರೆಕ್’ನ ನಾಯಕ ಕ್ಯಾಪ್ಟನ್ ಕರ್ಕ್ ಜೀವಂತವಾಗಿ ತನ್ನ ನೌಕೆಯಲ್ಲೇ ಇರಬೇಕು. ಆದರೆ ನಮ್ಮ ಕಡೆ ಎರವಲು ಎಂದರೆ ದುಡ್ಡಿನ ಮಾತಿಲ್ಲದ ಕೊಡುಕೊಳೆ. ದುಡ್ಡು ಬಂತೆಂದರೆ ಅದು ಬಾಡಿಗೆ. ಕರಾರು, ಹಣ ಎರಡೂ ಇರುವಲ್ಲಿಯೂ ‘ಎರವಲು’ ಎನ್ನುವ ರೂಢಿ ನಿಮ್ಮ ಸೀಮೆಯಲ್ಲಿ ಇದೆಯೇ? ಇಲ್ಲವಾದರೆ ಆ ಅರ್ಥವನ್ನೂ ಹೊರಬಲ್ಲ ಬೇರೆ ಪದ ಬಳಕೆಯಲ್ಲಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.