ಅಪ್‌ಡೇಟ್: ತಮ್ಮನ ತಟ್ಟೆ ಬೇರೆ ಇಡುತ್ತಿದ್ದ ಅಮ್ಮ

ತಮ್ಮನಿಗೆ ಎಚ್‌ಐವಿ ಅಂತ ಗೊತ್ತಾದಾಗಿನಿಂದ ಅಮ್ಮ ಅವನ ತಟ್ಟೆ, ಲೋಟ ಬೇರೆ ಇಡ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಏನಾಯ್ತು ಅಂತ ಹೇಳ್ತೀನಿ.

ಎಚ್‌ಐವಿ ಬಗ್ಗೆ ಒಂದು ವಿಡಿಯೊ ತೋರಿಸಿದೆ, ಅಮ್ಮ ಅರ್ಧಕ್ಕೇ ಎದ್ದು ಹೋದ್ರು. ಜಗಳ ಆಡಿದ್ದರಿಂದ ಇನ್ನೂ ಕೆಟ್ಟಿತು. ಫಲ ಕೊಟ್ಟಿದ್ದು 'ತಮ್ಮನ ಒಪ್ಪಿಗೆ ಕೇಳಿ, ಅಮ್ಮನನ್ನ ಅವನ ಡಾಕ್ಟರ ಹತ್ತಿರವೇ ಕರ್ಕೊಂಡು ಹೋಗಿ' ಅನ್ನೋ ಸಲಹೆ. ಒಪ್ಪೋಕೆ ಅವನಿಗೆ ಎರಡು ದಿನ ಬೇಕಾಯ್ತು.

ಎಂಜಲು, ಸೊಳ್ಳೆ, ಶೌಚಾಲಯ, ಅಪ್ಪುಗೆ... ಅಮ್ಮ ಒಂದೊಂದಾಗಿ ಕೇಳಿದ್ರು, ಯಾವುದರಿಂದಲೂ ಹರಡಲ್ಲ ಅಂತ ಡಾಕ್ಟರು ಸಮಾಧಾನವಾಗಿ ಹೇಳಿದ್ರು. ಎಚ್‌ಐವಿಯನ್ನ ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆ ತಪ್ಪದೆ ತಗೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಹರಡಲ್ಲವಂತೆ. ಇದು ನನಗೂ ಹೊಸದು. 2019ರಲ್ಲಿ ಪ್ರಕಟವಾದ ಪಾರ್ಟ್ನರ್-2 ಅಧ್ಯಯನದಲ್ಲಿ, ಒಬ್ಬರು ಹೀಗೆ ಚಿಕಿತ್ಸೆಯಲ್ಲಿದ್ದ 782 ಗಂಡಸರ ಜೋಡಿಗಳಲ್ಲಿ ಸಂಗಾತಿಯಿಂದ ಸೋಂಕು ತಗುಲಿದ್ದು ಒಂದೂ ಇಲ್ಲ.

ನಾನು ಊಹಿಸದೇ ಇದ್ದದ್ದು ಬೇರೆ. ಅಮ್ಮನಿಗೆ ಸೋಂಕಿಗಿಂತ ನೆಂಟರ ಬಾಯಿಯದೇ ಭಯ. ಯಾರಿಗೆ ಹೇಳಬೇಕು, ಬೇಡ ಅನ್ನೋದು ತಮ್ಮನ ಹಕ್ಕು, ಯಾರಿಗೂ ಉತ್ತರ ಕೊಡಬೇಕಿಲ್ಲ ಅಂತ ಡಾಕ್ಟರು ಅಂದಾಗ ಅಮ್ಮ ಅಲ್ಲೇ ಅತ್ತುಬಿಟ್ರು.

ಮೊನ್ನೆಯಿಂದ ತಟ್ಟೆಗಳೆಲ್ಲ ಒಂದೇ ಕಡೆ ಇವೆ. ತಮ್ಮ ಏನೂ ಅನ್ನಲಿಲ್ಲ, ಆದರೆ ನಿನ್ನೆ ಅಮ್ಮನ ಪಕ್ಕದಲ್ಲೇ ಕೂತು ಊಟ ಮಾಡಿದ.