ಸಹಾಯ ಬೇಕು: ಹಳೆ ವಿಲ್ಲೀಸ್ ಪಿಕಪ್ ಹೈವೇಯಲ್ಲಿ ಎಷ್ಟು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ಅಪ್ಪ ಕಾಫಿ ಮೂಟೆ ಸಾಗಿಸುತ್ತಿದ್ದ ವಿಲ್ಲೀಸ್ ಫೋರ್ ವೀಲ್ ಪಿಕಪ್ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಈಗ ಎಂಜಿನ್ ಬಿಚ್ಚಿಸಿ ರಿಂಗು, ಬೇರಿಂಗು ಹೊಸದು ಹಾಕಿಸಿದ್ದೇನೆ. ಅದರಲ್ಲೇ ಮೈಸೂರಿಗೆ ಹೋಗಬೇಕು ಅಂತ ಅಪ್ಪನಿಗೆ ತುಂಬಾ ಆಸೆ.

ಕುಶಾಲನಗರ ದಾಟಿದರೆ ಘಾಟಿ ಮುಗಿಯಿತು, ಕಾಲು ತಾನಾಗಿಯೇ ಒತ್ತುತ್ತದೆ. ನನಗೆ ಭಯ ಅಲ್ಲೇ. ಇದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. 4000 ಆರ್‌ಪಿಎಂನಲ್ಲಿ 75 ಎಚ್‌ಪಿ. ಆದರೆ ಅದು ಪೂರ್ತಿ ಪವರ್ ಬರುವ ವೇಗ, ಗಂಟೆಗಟ್ಟಲೆ ಓಡಿಸುವ ವೇಗ ಅಲ್ಲ, ಅಲ್ವಾ? ಬೋರ್, ಅಂದರೆ ಸಿಲಿಂಡರಿನ ಅಗಲ, 79 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, ಬರೋಬ್ಬರಿ 111. ಪಿಸ್ಟನ್ ಪ್ರತಿ ಸುತ್ತಿಗೂ ಅಷ್ಟುದ್ದ ಹತ್ತಿ ಇಳಿಯಬೇಕು. ಡಿಫರೆನ್ಷಿಯಲ್ 5.38, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 5.38 ಸುತ್ತು ತಿರುಗಬೇಕು. ಮೂರನೇ ಗೇರೇ ಟಾಪ್, ಎಂಜಿನ್ ಸುತ್ತು ಇಳಿಸುವ ಓವರ್‌ಡ್ರೈವ್ ಗೇರ್ ಇಲ್ಲ. ಟಯರು ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ, ಟೇಪ್ ಹಿಡಿದು ಅಳೆದೆ. ಲೆಕ್ಕ ಹಾಕಿದರೆ 60 ಕಿ.ಮೀ. ವೇಗಕ್ಕೆ ಸುಮಾರು 2450, 70ಕ್ಕೆ 2850.

2500 ದಾಟಿಸದೆ ಹೋದರೆ ಸಾಕಾ? 2800ರಲ್ಲಿ ಅರ್ಧ ಗಂಟೆ ಓಡಿಸಿದರೆ ಹೊಸ ಬೇರಿಂಗಿಗೆ ತೊಂದರೆಯಾ? ಈ ಎಂಜಿನ್ ಕೈಯಾರೆ ಓಡಿಸಿದವರು ದಯವಿಟ್ಟು ಹೇಳಿ. ಬಿಸಿಯಾದಾಗ ಆಯಿಲ್ ಪ್ರೆಷರ್ ಎಷ್ಟು ಇರುತ್ತಿತ್ತು ಅಂತಲೂ ತಿಳಿಸಿ.