ಸಾಮ್ಯತೆ ವರದಿ: ಕೇಳಿ, ಗ್ರಂಥಪಾಲಕಿ ಉತ್ತರಿಸುತ್ತಾರೆ

ವಾಣಿಜ್ಯ: ಮೇಡಂ ನಮಸ್ಕಾರ. ಪಿಎಚ್‌ಡಿ ಪ್ರಬಂಧ ಬೇರೆ ಬರಹಗಳಿಗೆ ಎಷ್ಟು ಪರ್ಸೆಂಟ್ ತನಕ ತಾಳೆಯಾದ್ರೆ ನಡೆಯುತ್ತೆ?

ಗ್ರಂಥಪಾಲಕಿ: ನಮಸ್ಕಾರ. ಯುಜಿಸಿಯ 2018ರ ನಿಯಮದಂತೆ 10ರವರೆಗೆ ದಂಡವಿಲ್ಲ. 40ರ ತನಕ ಬಂದರೆ ಹೆಚ್ಚೆಂದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರ ತನಕ ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿ ರದ್ದು. ಗ್ರಂಥಸೂಚಿ, ಪರಿವಿಡಿ, ಆಧಾರ ಕೊಟ್ಟ ಉದ್ಧರಣೆ ಲೆಕ್ಕಕ್ಕಿಲ್ಲ.

ಇತಿಹಾಸ: ಹೊರಗೆ ಚೆಕ್ ಮಾಡಿಸಿದಾಗ 7 ಇತ್ತು. ಈಗ ಲೈಬ್ರರಿ ವರದಿಯಲ್ಲಿ 86! ಒಂದಕ್ಷರ ಬದಲಿಸಿಲ್ಲ ಮೇಡಂ, ಕೈಕಾಲೇ ಆಡ್ತಿಲ್ಲ.

ಗ್ರಂಥಪಾಲಕಿ: ಗಾಬರಿಯಲ್ಲಿ ಪ್ರಬಂಧ ತಿದ್ದಲು ಹೋಗಬೇಡಿ. ವರದಿಯ ಮೂಲಗಳ ಪಟ್ಟಿ ತೆರೆಯಿರಿ. ಮೊದಲ ಸಾಲೊಂದೇ 70–80 ತಿಂದಿದ್ದು, ಅದು ‘ವಿದ್ಯಾರ್ಥಿ ಪ್ರತಿ’ ಎಂದಿದ್ದರೆ, ನಿಮ್ಮ ಪ್ರಬಂಧ ನಿಮ್ಮದಕ್ಕೇ ತಾಳೆಯಾಗಿದೆ. ಹೊರಗಿನವರು ಯಾವುದೋ ಸಂಸ್ಥೆಯ ಖಾತೆಯಿಂದ, ನಾವು ಸಾಮ್ಯತೆ ನೋಡಲು ಬಳಸುವ ಅದೇ ತಂತ್ರಾಂಶಕ್ಕೆ ಹಾಕಿ, ಅದರ ಸಂಗ್ರಹಕ್ಕೆ ಸೇರಿಸಬೇಡ ಎಂಬ ಆಯ್ಕೆ ಒತ್ತದೆ ಬಿಟ್ಟಿರುತ್ತಾರೆ. ಆ ಪ್ರತಿ ತೆಗೆಸುವುದು ಹಾಕಿದ ಖಾತೆಯವರ ಕೈಲಿದೆ, ಅವರನ್ನು ನಂಬಿ ಕೂರಬೇಡಿ. ಆ ಮೂಲದ ಹೆಸರು, ಸಲ್ಲಿಕೆ ದಿನಾಂಕ ಕಾಣುವಂತೆ ವರದಿಯ ಪುಟ ಮುದ್ರಿಸಿ, ಗೈಡ್ ಸಹಿಯ ಪತ್ರದೊಂದಿಗೆ ಗ್ರಂಥಾಲಯಕ್ಕೆ ಕೊಡಿ. ಆ ಒಂದು ಮೂಲ ಬಿಟ್ಟು ವರದಿ ಮತ್ತೆ ತೆಗೆಯಬಹುದು. ಬಿಟ್ಟಿದ್ದು ಏಕೆಂದು ಕಡತದಲ್ಲಿ ದಾಖಲಾಗಲೇಬೇಕು.

ರಸಾಯನ: 10 ಬಂದ್ರೆ ಓಕೆನಾ ಮೇಡಂ?

ಗ್ರಂಥಪಾಲಕಿ: ಮೇಲೆ ಓದಿ.

ಕನ್ನಡ: ಈ ಮೆಸೇಜ್ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ: ‘ನುಡಿ ಫಾಂಟಲ್ಲಿ ಕೊಟ್ಟರೆ ಸೊನ್ನೆ ಪರ್ಸೆಂಟ್. ಅನುಸ್ವಾರದ ಜಾಗಕ್ಕೆ ಅಂಕಿಯ ೦ ಹಾಕಿ. ಉದ್ಧರಣ ಚಿಹ್ನೆಗೆ ಬಿಳಿ ಬಣ್ಣ ಕೊಡಿ.’ ನಿಜನಾ?

ಗ್ರಂಥಪಾಲಕಿ: ಇದನ್ನು ಇನ್ನೆಷ್ಟು ಸಲ ಕಳಿಸುತ್ತೀರಿ? ನುಡಿಯ ಹಳೇ ಫಾಂಟಿನಲ್ಲಿ ಕಣ್ಣಿಗೆ ಕನ್ನಡ, ಕಡತದೊಳಗೆ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ. ತಂತ್ರಾಂಶ ಓದಲಾಗದೆ ಸೊನ್ನೆ ತೋರಿಸಿದರೆ ಅದು ಸ್ವಂತ ಬರಹವಾಗಿಬಿಡುತ್ತದೆಯೇ? ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಪಲ್ಲಟವಾಗಿದೆಯೇ ನೋಡಿ ಕೊಡಿ. ‘ಸಂಶೋಧನೆ’ಯನ್ನು ‘ಸ೦ಶೋಧನೆ’ ಮಾಡಿದರೆ ನಾಳೆ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಆ ಪದ ಹುಡುಕಿದವರಿಗೆ ನಿಮ್ಮ ಪ್ರಬಂಧ ಸಿಗುವುದಿಲ್ಲ. ತಂತ್ರಾಂಶ ಉದ್ಧರಣೆಯೆಂದು ಎಣಿಸದೆ ಬಿಡಲಿ ಎಂದು ಹಾಕುವ ಬಿಳಿ ಚಿಹ್ನೆಯೋ, ಪುಟವನ್ನೆಲ್ಲ ಆಯ್ದು ಅಕ್ಷರದ ಬಣ್ಣ ಕಪ್ಪು ಮಾಡಿದರೆ ಬಯಲು. ಆಗ ಅದು ಬರೀ ನಕಲಲ್ಲ, ವಂಚನೆ. ಫಾರ್ವರ್ಡ್ ಮಾಡಿದವರು ಸಮಿತಿ ಮುಂದೆ ಬಂದು ನಿಲ್ಲುವುದಿಲ್ಲ.

ಅರ್ಥಶಾಸ್ತ್ರ: ಇಂಗ್ಲಿಷ್ ಪುಸ್ತಕ ಅನುವಾದಿಸಿ ಹಾಕಿ, ಯಾವ ರಗಳೆಯೂ ಇಲ್ಲ.

ಕನ್ನಡ: ಸಿಕ್ಕಿಬೀಳದಿದ್ರೆ ಕಳ್ಳತನ ಅಲ್ವಾ ಸರ್?

ಅರ್ಥಶಾಸ್ತ್ರ: ಅನುವಾದಕ್ಕೂ ಶ್ರಮ ಬೇಕಮ್ಮ.

ಕನ್ನಡ: ಅಷ್ಟು ಶ್ರಮಪಟ್ಟೋರಿಗೆ ಒಂದು ಅಡಿಟಿಪ್ಪಣಿ ಭಾರವಾಯ್ತಾ?

ಅರ್ಥಶಾಸ್ತ್ರ: ಪ್ರವಚನ ನಿಮ್ಮ ವೈವಾದಲ್ಲಿ ಕೊಡಿ.

ಭೌತಶಾಸ್ತ್ರ: ನನ್ನದೇ ಪ್ರಕಟಿತ ಲೇಖನ 3ನೇ ಅಧ್ಯಾಯದಲ್ಲಿದೆ. ಅದೂ ಎಣಿಕೆಗೆ ಬರುತ್ತಾ?

ಗ್ರಂಥಪಾಲಕಿ: ಅನುವಾದಕ್ಕೂ ಮೂಲ ಲೇಖಕರ ಹೆಸರು, ಪುಟಸಂಖ್ಯೆ ಬೇಕು. ತಂತ್ರಾಂಶ ಹಿಡಿಯದಿದ್ದರೂ ಪರೀಕ್ಷಕರು ಆ ಪುಸ್ತಕ ಓದಿರುತ್ತಾರೆ. ಜಗಳ ಬೇರೆ ಕಡೆ ಆಡಿಕೊಳ್ಳಿ.

ಇತಿಹಾಸ: ನೋಡಿದೆ ಮೇಡಂ, ಮೊದಲ ಮೂಲವೇ 81, ವಿದ್ಯಾರ್ಥಿ ಪ್ರತಿ!

ಗ್ರಂಥಪಾಲಕಿ: ಹಾಗಾದರೆ ಅದೇ. ಪತ್ರ ಇವತ್ತೇ ಕೊಡಿ.

ಗಣಿತ: 12 ಬಂದಿದೆ. 10ಕ್ಕೆ ಇಳಿಸಿಕೊಡ್ತಾರಾ?

ಗ್ರಂಥಪಾಲಕಿ: ಇಲ್ಲ.

ಭೌತಶಾಸ್ತ್ರ: ಮೇಡಂ, ನನ್ನ ಪ್ರಶ್ನೆ ಮೇಲೇ ಉಳೀತು.

ರಸಾಯನ: 10.4 ಆದ್ರೆ?